ಸಡಿಲವೆಂದ ಗಂಟು

ಬಾವಿಯ ಮೇಲೆ ಬಾಗಿದ್ದ ಈಚಲ ಮರದ ಗೀಜಗಗಳಲ್ಲಿ ಒಂದು ಕಟ್ಟಳೆಯಿತ್ತು. ಯಾರಾದರೂ ಹೊಸ ಬಗೆಯ ಗೂಡು ಕಟ್ಟಿದರೆ, ಹಿರಿಯನೊಬ್ಬ ಮರದ ಗರಿಗಳ ಮರೆಯಲ್ಲಿ ಕೂತು, ತಾನಾರೆಂದು ತಿಳಿಸದೆ ತೀರ್ಪು ಹೇಳಬೇಕು. ತರುಣ ನಿಂಗಪ್ಪ ತೀರ್ಪಿಗೂ ಮೊದಲೇ ತನ್ನ ಅರ್ಧ ಗೂಡನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿ, "ತಪ್ಪಿದ್ದರೆ ಹೇಳಿ" ಎಂದಿದ್ದ.

ಆ ಸಲ ಮರೆಯಲ್ಲಿ ಕೂತವನು ಹಿರಿಯ ಭರಮಣ್ಣ. ನಿಂಗಪ್ಪನ ಹೊಸ ಗಂಟು ಎಂಥ ಗಾಳಿಗೂ ಬಿಚ್ಚುವಂಥದ್ದಲ್ಲವೆಂದು ಅವನಿಗೆ ನೋಡಿದ ಕೂಡಲೇ ತಿಳಿಯಿತು. ಹೋದ ವರ್ಷ ಗಾಳಿಗೆ ಬಿದ್ದ ತನ್ನ ಗೂಡೂ ನೆನಪಾಯಿತು. "ಗಂಟು ಸಡಿಲ. ಕೆಡವಿ ಕಟ್ಟು" ಎಂದು ದನಿ ಬದಲಿಸಿ ಕೂಗಿದ. ವಾರದೊಳಗೆ ಅದೇ ಗಂಟನ್ನು ತನ್ನ ಗೂಡಿಗೆ ಹಾಕಿಕೊಂಡ.

ತೀರ್ಪಿನಂತೆ ತನ್ನ ಗೂಡನ್ನು ಕತ್ತರಿಸಿ ಬಾವಿಗೆ ಬೀಳಿಸಿದ್ದ ನಿಂಗಪ್ಪ ಅವನ ಬಳಿಗೇ ಬಂದ. "ಭರಮಣ್ಣ, ಮಳೆ ಹತ್ತಿರ ಬಂತು. ನಿಮ್ಮ ಗಂಟು ಕಲಿಸಿಕೊಡಿ" ಎಂದವನು ಬಗ್ಗಿ ನೋಡಿದ. "ಇದು ನನ್ನದರ ಹಾಗೇ ಇದೆಯಲ್ಲ! ಹಾಗಾದರೆ ನಾನು ತಪ್ಪಿದ್ದೆಲ್ಲಿ, ಅಣ್ಣ?"

ನಿಂಗಪ್ಪನ ಆ ಅರ್ಧ ಗೂಡನ್ನು ನೋಡಿದ್ದ ಪಕ್ಕದ ಗೂಡಿನ ಮುದುಕಿ, "ಹೂಂ, ಹೇಳಿ ಹಿರಿಯರೇ" ಎಂದಳು.

ಭರಮಣ್ಣನಿಗೆ ತಲೆಯೆತ್ತಲಾಗಲಿಲ್ಲ. "ಮರೆಯಲ್ಲಿದ್ದವನು ನಾನೇ" ಎಂದು, ಆ ಗಂಟನ್ನು ಬಿಚ್ಚಲು ಕೊಕ್ಕು ಹಾಕಿದ. ಮರವೆಲ್ಲ ನೋಡುತ್ತಿತ್ತು. ಎಷ್ಟು ಜಗ್ಗಿದರೂ ಗಂಟು ಬಿಚ್ಚಲಿಲ್ಲ.