ಎರಡಾದ ಚೌಕ

ಅಂಗನವಾಡಿಯ ಚಾಪೆಯ ಮೇಲೆ ಎರಡರ ಅಂಕಿಯ ಪಕ್ಕದಲ್ಲಿ ರಟ್ಟಿನ ಎರಡು ಚೌಕಗಳು ಅಣ್ಣತಮ್ಮಂದಿರಂತೆ ಬಾಳಿಕೊಂಡಿದ್ದವು. ಒಂದು ದಿನ ಮುಬೀನಾ ಎಂಬ ಪುಟ್ಟ ಹುಡುಗಿ ತಮ್ಮನನ್ನು ಮೂಲೆಗೆ ಮೂಲೆ ಕೂಡಿಸಿ ಮಡಚಿದಳು. ತಮ್ಮ ಆ ಮಡಿಕೆಯಲ್ಲೇ ಹರಿದು ಮೂರು ಮೂಲೆಯ ಎರಡು ತುಂಡಾದ.

"ಗಾಬರಿಯಾಗಬೇಡ್ರೋ," ಎಂದ ಅಣ್ಣ. "ಇಬ್ಬರೂ ಮೈಗೆ ಮೈ ಒತ್ತಿಕೊಂಡು ಮಲಗಿ. ಎಣಿಸುವವರ ಕಣ್ಣಿಗೆ ನೀವು ಒಂದೇ. ನಮ್ಮ ಜೋಡಿ ಉಳಿಯುತ್ತದೆ."

ಒಂದು ತುಂಡು ಒತ್ತಿಕೊಂಡಿತು. ಇನ್ನೊಂದು ಒಪ್ಪಲಿಲ್ಲ. "ಇಲ್ಲಿದ್ದರೆ ನಾನು ಸಾಯುವತನಕ ಅರ್ಧ, ಅಣ್ಣಾ. ಆ ತ್ರಿಕೋನಗಳ ಹತ್ತಿರ ಹೋದರೆ ಇಡೀ ಒಂದು."

ಆಚೆ ಮೂರರ ಅಂಕಿಯ ಪಕ್ಕದಲ್ಲಿದ್ದ ಮೂರು ತ್ರಿಕೋನಗಳು ನಕ್ಕವು. "ಬಾರಯ್ಯಾ, ಬಾ. ಮೂರು ಮೂಲೆ ಇದೆಯಲ್ಲ, ಸಾಕು. ಎಲ್ಲಿಂದ ಹರಿದು ಬಂದೆ ಅಂತ ನಾವು ಕೇಳೋದಿಲ್ಲ."

ಅದು ಆಚೆ ಜಾರಿಹೋಯಿತು. ಉಳಿದ ತುಂಡು ಜೊತೆಯಿಲ್ಲದೆ ಅಣ್ಣನ ಪಕ್ಕದಲ್ಲೇ ಬಿದ್ದುಕೊಂಡಿತ್ತು. ಮುಬೀನಾ ಅದನ್ನೂ ಎತ್ತಿ, "ಇದು ತಪ್ಪಿ ಇಲ್ಲಿ ಬಂದು ಕೂತಿದೆ, ಟೀಚರ್," ಎಂದು ತ್ರಿಕೋನಗಳ ಜೊತೆ ಇಟ್ಟಳು. ಐದರ ಅಂಕಿಯನ್ನು ಅಲ್ಲಿಟ್ಟು, ಒಂದರ ಅಂಕಿಯನ್ನು ಚೌಕದ ಪಕ್ಕಕ್ಕೆ ತಂದಳು. ಎಣಿಕೆ ಸರಿಯಾಗಿದೆಯೆಂದು ಟೀಚರ್ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಆ ಗುಂಪಿನಿಂದ "ಅಣ್ಣಾ" ಎಂದು ಒಂದು ದನಿ ಕರೆಯಿತು. ಅಣ್ಣ ತಿರುಗಿ ನೋಡಿದ. ಐದೂ ತ್ರಿಕೋನಗಳು ಒಂದೇ ಥರ ಇದ್ದವು. ಯಾವುದಕ್ಕೆ ಓಗೊಡಬೇಕೋ ಅವನಿಗೆ ತಿಳಿಯಲಿಲ್ಲ.