ತೊಳೆದ ತೊಟ್ಟಿ

"ಗುರುಗಳೇ, ಒಬ್ಬ ಶಿಷ್ಯನಿಗೆ ಅವನ ಗುರು ಜಪ ಕೊಟ್ಟರು ಅನ್ನಿ. ಅದು ಅವನಲ್ಲಿ ಉಳಿಯಲಿಲ್ಲ ಅನ್ನಿ. ಆಗ ತಪ್ಪು ಯಾರದು? ಕೊಟ್ಟವರದೋ, ತೆಗೆದುಕೊಂಡವನದೋ?"

ಕೇಳಿದವನು ಕಾಡಸಿದ್ಧ. ಮಠಕ್ಕೆ ಬಂದು ಎರಡು ವರ್ಷವಾಗಿದ್ದ ಶಿಷ್ಯ. ಗುರು ಮುರಿಗೆಯ್ಯನವರು ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತದೆ, "ಕೂತುಕೋ. ಸುಲಿಯುತ್ತಾ ಕೇಳು" ಎಂದರು. ಕಾಡಸಿದ್ಧ ಎದುರಿಗೆ ಕುಳಿತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಕನ್ನಡಕದ ಅಂಗಡಿಯವನೊಬ್ಬನಿದ್ದ. ಜನರ ಕಣ್ಣು ನೋಡಿ ಕನ್ನಡಕ ಕೂರಿಸಿಕೊಡುವುದು ಅವನ ಕಸುಬು. ಅಂಗಡಿಯಿಂದ ಮನೆಗೆ ಬಂದರೆ ಅವನ ಜೀವವೆಲ್ಲ ಮೀನಿನ ಮೇಲೆ. ಮೂರು ಗಾಜಿನ ತೊಟ್ಟಿಗಳಲ್ಲಿ ಬಂಗಾರದ ಮೀನು ಸಾಕಿದ್ದ. ತಿಂಗಳಿಗೊಮ್ಮೆ ತೊಟ್ಟಿಗಳನ್ನು ಬರಿದು ಮಾಡಿ, ಕಲ್ಲು ಮರಳುಗಳನ್ನು ಉಜ್ಜಿ ತೊಳೆದು, ಹೊಸ ನೀರು ತುಂಬುತ್ತಿದ್ದ. ನೋಡಲು ಬಂದವರು ಮೊದಲು ತೊಟ್ಟಿಯನ್ನು ಹೊಗಳಿ ಆಮೇಲೆ ಮೀನನ್ನು ಹೊಗಳುತ್ತಿದ್ದರು.

ಅದೇ ಊರಿನ ಇನ್ನೊಂದು ಓಣಿಯಲ್ಲಿ ನಿವೃತ್ತನಾದ ಪೋಸ್ಟ್‌ಮಾಸ್ತರನೊಬ್ಬನಿದ್ದ. ಅವನೂ ಮೀನು ಸಾಕಿದವನೇ. ಆದರೆ ಅವನಲ್ಲಿ ಇದ್ದದ್ದು ಒಂದೇ ತೊಟ್ಟಿ, ಒಂದೇ ಜಾತಿ. ಕಿರುಬೆರಳಿನ ಉದ್ದದ, ಬೂದಿ ಬಣ್ಣದ ಮೀನು. ನೋಡಿದವರು, ಇದು ಕೆರೆಯ ಮೀನಲ್ಲವೇ ಎಂದು ಕೇಳಿ ಎದ್ದು ಹೋಗುತ್ತಿದ್ದರು. ಮಾಸ್ತರ ಅಲ್ಲವೆಂದು ವಾದಿಸುತ್ತಿರಲಿಲ್ಲ.

ಒಂದು ದಿನ ಕನ್ನಡಕದವನು ಅಳತೆ ಸರಿಮಾಡಿದ ಕನ್ನಡಕವನ್ನು ತಲುಪಿಸಲು ಆ ಮನೆಗೆ ಹೋದ. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ಬೂದಿ ಬಣ್ಣದ ಮೀನೊಂದು ಬಿಸಿಲಿಗೆ ಅಡ್ಡ ಬಂದಾಗ ಅದರ ಬೆನ್ನಿನಿಂದ ಬಾಲದವರೆಗೆ ಕುಂಕುಮ ಎಳೆದಂತೆ ಒಂದು ಗೆರೆ ಕಂಡಿತು. ಮೀನು ಹೊರಳಿತು. ಗೆರೆ ಮಾಯವಾಯಿತು. ಕನ್ನಡಕದವನು ಬಂದ ಕೆಲಸ ಮರೆತು ತೊಟ್ಟಿಯ ಮುಂದೆ ಕುಳಿತುಬಿಟ್ಟ. ಬಿಸಿಲು ಹೋಗುವವರೆಗೂ ಏಳಲಿಲ್ಲ.

ಮಾಸ್ತರ ಅವನ ಪಕ್ಕದಲ್ಲಿ ಕುಳಿತು ಹೇಳಿದ. ಮೂವತ್ತು ವರ್ಷದ ಹಿಂದೆ ಅವನನ್ನು ಒಂದು ಬೆಟ್ಟದ ಊರಿಗೆ ವರ್ಗ ಮಾಡಿದ್ದರು. ಅಲ್ಲಿ ಬಂಡೆಗಳ ನಡುವೆ ಒಂದು ಹಳೆಯ ಬಾವಿ. ಈ ಮೀನು ಇದ್ದದ್ದು ಆ ಬಾವಿಯಲ್ಲಿ ಮಾತ್ರ. ಅವನು ಕೊಡದಲ್ಲಿ ಒಂದಷ್ಟು ಹಿಡಿದು ತಂದ. ಆಮೇಲೆ ರಸ್ತೆ ಅಗಲ ಮಾಡುವಾಗ ಬಾವಿಯನ್ನು ಮುಚ್ಚಿದರು. ಸುತ್ತಲಿನ ಕೆರೆ ತೊರೆಗಳಲ್ಲಿ ಹುಡುಕಿದ. ಎಲ್ಲಿಯೂ ಸಿಗಲಿಲ್ಲ. ಈಗ ಲೋಕದಲ್ಲಿ ಉಳಿದಿದ್ದರೆ ಈ ತೊಟ್ಟಿಯಲ್ಲಿ, ಸುಮಾರು ನಲವತ್ತು.

"ಮಾಸ್ತರೇ, ನನಗೆ ಕೊಡುತ್ತೀರಾ?" ಎಂದು ಕನ್ನಡಕದವನು ಕೇಳಿದ. ಕೇಳಿದ ಮೇಲೆ ಅವನಿಗೇ ಸಂಕೋಚವಾಯಿತು.

"ಮೂವತ್ತು ವರ್ಷದಲ್ಲಿ ಕೇಳಿದವನು ನೀನೊಬ್ಬನೇ" ಎಂದ ಮಾಸ್ತರ. "ಆರು ಕೊಡುತ್ತೇನೆ. ಆದರೆ ಇವತ್ತಲ್ಲ. ಒಂದು ತೊಟ್ಟಿಗೆ ಮರಳು ಹಾಕಿ, ಪಾಚಿ ಗಿಡ ನೆಟ್ಟು, ನೀರು ತುಂಬಿಸಿಡು. ಮೀನು ಬಿಡಬೇಡ. ನಲವತ್ತು ದಿನ ಹಾಗೇ ಇರಲಿ. ನೀರು ಹದಕ್ಕೆ ಬರಬೇಕು." ತನ್ನ ತೊಟ್ಟಿಯ ತಳದಿಂದ ಒಂದು ಹಿಡಿ ಮರಳು ತೆಗೆದು ಎಲೆಯಲ್ಲಿ ಕಟ್ಟಿಕೊಟ್ಟು, ಇದನ್ನು ಅದರ ಜೊತೆ ಬೆರೆಸು ಎಂದ.

ಕನ್ನಡಕದವನು ಹೇಳಿದ ಹಾಗೆಯೇ ಮಾಡಿದ. ಹೊಸ ತೊಟ್ಟಿ ತಂದ. ಮಾಸ್ತರ ಕೊಟ್ಟ ಮರಳನ್ನು ಬೆರೆಸಿದ. ಮೀನಿಲ್ಲದ ನೀರನ್ನು ದಿನವೂ ಬೆಳಿಗ್ಗೆ ನೋಡುತ್ತಿದ್ದ. ಮನೆಗೆ ಬಂದವರು ನಕ್ಕರೆ ತಾನೂ ನಗುತ್ತಿದ್ದ. ಒಂದು ದಿನವನ್ನೂ ಕಡಿಮೆ ಮಾಡಲಿಲ್ಲ.

ಮೂವತ್ತೊಂಬತ್ತನೆಯ ದಿನ ತೊಟ್ಟಿಯನ್ನು ನೋಡಿದರೆ ಕಲ್ಲುಗಳ ಮೇಲೆ ಕಂದು ಬಣ್ಣದ ಲೋಳೆ ಕೂತಿತ್ತು. ಗಾಜು ಮಸುಕಾಗಿತ್ತು. ಇಷ್ಟು ದಿನ ಕಾದದ್ದು ಈ ಕೊಳೆಯಲ್ಲಿ ಬಿಡುವುದಕ್ಕೇ ಎಂದು ಅವನಿಗೆ ಅನ್ನಿಸಿತು. ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಮೀನು ನಾಳೆ ಮನೆಗೆ ಬರುತ್ತದೆ. ಬರುವ ಅತಿಥಿಗೆ ಮನೆ ಸಾರಿಸಿದಂತೆ, ಅವನು ತೊಟ್ಟಿಯನ್ನು ಬರಿದು ಮಾಡಿದ. ಕಲ್ಲು ಮರಳುಗಳನ್ನೆಲ್ಲ ಉಜ್ಜಿದ. ಏಳು ಸಲ ತೊಳೆದು, ಹೊಸ ನೀರು ತುಂಬಿದ. ಇದನ್ನೆಲ್ಲ ಅವನು ಪ್ರೀತಿಯಿಂದಲೇ ಮಾಡಿದ.

ಮರುದಿನ ಆರು ಮೀನು ಬಂದವು. ಮೊದಲ ದಿನ ಚುರುಕಾಗಿ ಓಡಾಡಿದವು. ಮೂರನೆಯ ದಿನ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ನಿಂತವು. ಕನ್ನಡಕದವನು ಗಾಬರಿಯಾಗಿ ಮತ್ತೆ ನೀರು ಬದಲಾಯಿಸಿದ. ಐದನೆಯ ದಿನ ಬೆಳಿಗ್ಗೆ ಆರೂ ತಳದಲ್ಲಿ ಬಿದ್ದಿದ್ದವು.

ಅವನು ಅವುಗಳನ್ನು ಹಿತ್ತಲಿನಲ್ಲಿ ಮಣ್ಣು ಮಾಡಿದ. ಆಮೇಲೆ ಅಂಗಿ ಹಾಕಿಕೊಂಡು ಮಾಸ್ತರನ ಮನೆಗೆ ಹೊರಟ. ಓಣಿಯ ತಿರುವಿನವರೆಗೆ ಹೋದ. ಅಲ್ಲಿ ನಿಂತ. ಅವರು ಮೂವತ್ತು ವರ್ಷ ಉಳಿಸಿದ್ದನ್ನು ನಾನು ಐದು ದಿನ ಉಳಿಸಲಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಎರಡು ದಿನ ಕಳೆಯಲಿ, ಮನಸ್ಸು ಗಟ್ಟಿಯಾಗಲಿ ಎಂದುಕೊಂಡ. ಅಲ್ಲಿಂದಲೇ ಹಿಂದಿರುಗಿದ.

ಎಂಟು ದಿನದ ಮೇಲೆ ಸಂತೆಯಲ್ಲಿ ಮಾಸ್ತರ ಎದುರಾದ. "ಹೇಗಿವೆ?" ಎಂದು ಕೇಳಿದ. "ಚೆನ್ನಾಗಿವೆ" ಎಂದ ಕನ್ನಡಕದವನು. ಆ ಮಾತು ಅವನು ಯೋಚಿಸುವ ಮೊದಲೇ ಬಾಯಿಂದ ಹೊರಗೆ ಬಂದಿತ್ತು.

ಒಂದು ಸಲ ಆಡಿದ ಮೇಲೆ ಅದನ್ನು ಸಾಕಬೇಕಾಯಿತು. ಮೂರು ತಿಂಗಳಾದ ಮೇಲೆ ಮಾಸ್ತರ, ಮರಿಯಾದವೇ ಎಂದು ಕೇಳಿದ. ಆಗಿವೆ ಎಂದ. ಎಷ್ಟು ಎಂದು ಕೇಳಿದ. ಹತ್ತೋ ಹನ್ನೆರಡೋ ಎಂದ. ಮಾಸ್ತರನ ಮುಖ ಅರಳಿತು. ನೋಡಲು ಬರುತ್ತೇನೆ ಎಂದ. ಮನೆಗೆ ಸುಣ್ಣ ಬಳಿಸುತ್ತಿದ್ದೇನೆ, ಮುಗಿಯಲಿ ಎಂದ ಕನ್ನಡಕದವನು. ಇನ್ನೊಂದು ಸಲ, ಮನೆಯಲ್ಲಿ ನೆಂಟರಿದ್ದಾರೆ ಎಂದ. ಮಾಸ್ತರ ಬರುವ ಹೊತ್ತಿಗೆ ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯತೊಡಗಿದ. ಮಾಸ್ತರನ ತೊಟ್ಟಿಯ ಮುಂದೆ ಕೂರುವುದೆಂದರೆ ಅವನಿಗೆ ಎಷ್ಟು ಆಸೆಯಿತ್ತೋ, ಅಷ್ಟೇ ಹೆದರಿಕೆಯಾಗತೊಡಗಿತು. ಆ ಮನೆಗೆ ಹೋಗುವುದು ನಿಂತಿತು. ಖಾಲಿ ತೊಟ್ಟಿಯಲ್ಲಿ ಹಳೆಯ ಕನ್ನಡಕದ ಚೌಕಟ್ಟುಗಳನ್ನು ತುಂಬಿಟ್ಟ.

ಹೀಗೆ ಒಂದು ವರ್ಷ ಕಳೆಯಿತು. ಮಾಸ್ತರನಿಗೆ ದೃಷ್ಟಿ ಮಂಜಾಗುತ್ತಾ ಬಂತು. ಅವನು ಕನ್ನಡಕದ ಅಂಗಡಿಗೇ ಬಂದ. ಕನ್ನಡಕದವನು ಕಣ್ಣು ನೋಡಿ, ಪೊರೆ ಬಂದಿದೆ, ದೊಡ್ಡ ಊರಿಗೆ ಹೋಗಿ ತೆಗೆಸಬೇಕು ಎಂದ. ಮಾಸ್ತರ, ಮಗಳ ಮನೆ ಅಲ್ಲೇ ಇದೆ, ಒಂದು ತಿಂಗಳು ಇದ್ದು ಬರುತ್ತೇನೆ ಎಂದ. ಎದ್ದು ಬಾಗಿಲಿಗೆ ಹೋದವನು ತಿರುಗಿ ನಿಂತು ಹೇಳಿದ:

"ಮೊದಲಾಗಿದ್ದರೆ ಈ ಮೀನು ಬಿಟ್ಟು ಒಂದು ದಿನವೂ ಊರು ಬಿಡುತ್ತಿರಲಿಲ್ಲ. ಈಗ ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗುತ್ತೇನೆ. ಏನಾದರೂ ಆದರೆ ನಿನ್ನ ಹತ್ತಿರ ಇವೆಯಲ್ಲ."

ಕನ್ನಡಕದವನ ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಅವನು ಒರೆಸಿದ ಗಾಜನ್ನೇ ಮತ್ತೆ ಒರೆಸಿದ. ಮಾಸ್ತರ ಮೆಟ್ಟಿಲು ಇಳಿದು ಹೋಗುವುದು ಕೇಳಿಸಿತು. ಓಡಿ ಹೋಗಿ ನಿಲ್ಲಿಸಬಹುದಾಗಿತ್ತು. ಒಂದು ತಿಂಗಳಲ್ಲಿ ಏನಾಗುತ್ತದೆ ಎಂದುಕೊಂಡ.

ಪಕ್ಕದ ಮನೆಯವರು ಒಳ್ಳೆಯ ಜನ. ದಿನವೂ ತಪ್ಪದೆ ಮೀನಿಗೆ ಆಹಾರ ಹಾಕಿದರು. ಮಳೆಗಾಲ ಶುರುವಾಗಿತ್ತು. ಊರಿನಲ್ಲಿ ಭೇದಿಯ ಕಾಯಿಲೆ ಹರಡಿ, ನಲ್ಲಿಯ ನೀರಿಗೆ ಬ್ಲೀಚಿಂಗ್ ಪುಡಿಯನ್ನು ಹೆಚ್ಚಾಗಿ ಬೆರೆಸಿದ್ದರು. ಮಾಸ್ತರ ತುಂಬಿಸಿಟ್ಟು ಹೋಗಿದ್ದ ಕೊಳಗದ ನೀರು ಮುಗಿದ ದಿನ ಅವರು ತೊಟ್ಟಿಗೆ ನಲ್ಲಿಯ ನೀರನ್ನೇ ಸುರಿದರು. ಮೀನುಗಳು ಸಂಜೆಯವರೆಗೂ ಉಳಿಯಲಿಲ್ಲ.

ತಿಂಗಳು ಮುಗಿಸಿ ಮಾಸ್ತರ ಊರಿಗೆ ಬಂದ. ಪಕ್ಕದ ಮನೆಯ ಹೆಂಗಸು ಅತ್ತಳು. ಅಳಬೇಡಮ್ಮ ಎಂದು ಅವನೇ ಸಮಾಧಾನ ಮಾಡಿದ. ಮುಚ್ಚಳವಿರುವ ಒಂದು ಡಬ್ಬಿ ಹುಡುಕಿ ತೆಗೆದುಕೊಂಡು ಕನ್ನಡಕದ ಅಂಗಡಿಗೆ ಬಂದ. ಡಬ್ಬಿಯನ್ನು ಮೇಜಿನ ಮೇಲಿಟ್ಟು, "ನನ್ನವು ಹೋದವು. ನಿನ್ನಲ್ಲಿರುವುದರಲ್ಲಿ ಎರಡು ಜೊತೆ ಕೊಡು. ಮತ್ತೆ ಶುರು ಮಾಡುತ್ತೇನೆ" ಎಂದ. ಅವನ ದನಿಯಲ್ಲಿ ಚಿಂತೆ ಇರಲಿಲ್ಲ.

ಕನ್ನಡಕದವನು ನಾಳೆ ಬನ್ನಿ ಎಂದ.

ಮಾಸ್ತರ ಅತ್ತ ಹೋದ ಮೇಲೆ ಅವನು ಅಂಗಡಿ ಮುಚ್ಚಿ ಬಸ್ಸು ಹತ್ತಿದ. ಪಟ್ಟಣದಲ್ಲಿ ಮೀನು ಮಾರುವ ಅಂಗಡಿಯೊಂದಿತ್ತು. ಅಲ್ಲಿ ಬೂದಿ ಬಣ್ಣದ, ಕಿರುಬೆರಳಿನ ಉದ್ದದ ಮೀನುಗಳಿದ್ದವು. ಪೊರೆ ತೆಗೆಸಿದ ಮಾಸ್ತರನ ಕಣ್ಣು ಇನ್ನೂ ಪೂರ್ತಿ ಹದವಾಗಿಲ್ಲ ಎಂಬುದು ಕನ್ನಡಕದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಗಡಿಯವನು ಬಲೆ ಹಿಡಿದು, ಎಷ್ಟು ಬೇಕು ಎಂದು ಕೇಳಿದ. ಕನ್ನಡಕದವನು ಆ ಮೀನುಗಳನ್ನು ನೋಡುತ್ತಾ ನಿಂತ. ಅವು ಎಷ್ಟು ಸಲ ಹೊರಳಿದರೂ ಬೂದಿ ಬಣ್ಣವೇ. ಬೇಡ ಎಂದು ಹೇಳಿ ಬರಿಗೈಯಲ್ಲಿ ಊರಿಗೆ ಬಂದ.

ಮರುದಿನ ಮಾಸ್ತರ ಡಬ್ಬಿ ಹಿಡಿದು ಮನೆಗೇ ಬಂದ. ಕನ್ನಡಕದವನು ಅವನನ್ನು ಒಳಗೆ ಕರೆದುಕೊಂಡು ಹೋಗಿ, ಚೌಕಟ್ಟುಗಳು ತುಂಬಿದ ತೊಟ್ಟಿಯ ಮುಂದೆ ನಿಲ್ಲಿಸಿದ. ಎಲ್ಲವನ್ನೂ ಹೇಳಿದ. ಮಾಸ್ತರ ಗೋಡೆಗೆ ಒರಗಿ ಕುಳಿತ. "ಯಾವಾಗ ಸತ್ತವು?" ಎಂದು ಕೇಳಿದ.

"ತಂದ ಐದನೆಯ ದಿನ. ತರುವ ಹಿಂದಿನ ದಿನ ತೊಟ್ಟಿ ತೊಳೆದಿದ್ದೆ. ಕೊಳೆ ಅಂದುಕೊಂಡೆ."

"ಆ ಕೊಳೆಯೇ ಹದ. ಮೀನಿನ ಹೊಲಸನ್ನು ಅರಗಿಸುವ ಜೀವ ಇರುವುದು ಅದರಲ್ಲಿ. ತೊಳೆಯಬೇಡ ಅಂತ ನಾನು ಹೇಳಲಿಲ್ಲ. ಹೇಳಬೇಕಾಗಿತ್ತು. ಆ ತಪ್ಪು ನನ್ನದು" ಎಂದ ಮಾಸ್ತರ. ಮತ್ತೆ ಹೇಳಿದ: "ಮೊದಲ ಸಲ ತಂದಾಗ ನಾನೂ ತೊಳೆದಿದ್ದೆ. ಒಂದೂ ಉಳಿಯಲಿಲ್ಲ. ಆಗ ಬಾವಿ ಇತ್ತು. ಮತ್ತೆ ಹೋಗಿ ತಂದೆ. ಆರನೆಯ ದಿನ ನನ್ನಲ್ಲಿ ಇನ್ನೂ ಮೂವತ್ತನಾಲ್ಕು ಇದ್ದವು. ನೀನು ಬಂದು ಹೇಳಿದ್ದರೆ ಮತ್ತೆ ಆರು ಕೊಡುತ್ತಿದ್ದೆ. ಮೂರು ಸಲ ಸತ್ತಿದ್ದರೆ ಮೂರು ಸಲ ಕೊಡುತ್ತಿದ್ದೆ."

ಕನ್ನಡಕದವನು ಬೈಗುಳ ಕೇಳಲು ಸಿದ್ಧನಾಗಿ ನಿಂತಿದ್ದ. ಮಾಸ್ತರ ಬೈಯಲಿಲ್ಲ. ಡಬ್ಬಿ ತೆಗೆದುಕೊಂಡು ಎದ್ದ. ಕನ್ನಡಕದವನು ಅವನ ಹಿಂದೆಯೇ ಮನೆಯವರೆಗೂ ನಡೆದ. ಒಂದು ವರ್ಷದಿಂದ ತುಳಿಯದ ಓಣಿ ಅದು.

ಆ ವರ್ಷ ಇಬ್ಬರೂ ಕೂಡಿ ಬೆಟ್ಟದ ಕಡೆಗೆ ನಾಲ್ಕು ಸಲ ಹೋದರು. ಬಂಡೆಗಳ ಸಂದಿನಲ್ಲಿ ಒರತೆ ಕಂಡಲ್ಲೆಲ್ಲ ಬಟ್ಟೆ ಹಾಸಿ ನೀರು ಸೋಸಿ ನೋಡಿದರು. ಗೊದಮೊಟ್ಟೆ ಸಿಕ್ಕವು, ಬೇರೆ ಮೀನು ಸಿಕ್ಕವು. ಐದನೆಯ ಸಲ ಮಾಸ್ತರನಿಗೆ ಬೆಟ್ಟ ಹತ್ತಲು ಆಗಲಿಲ್ಲ. ಕನ್ನಡಕದವನು ಒಬ್ಬನೇ ಹೋಗಿ ಬಂದ. ಆಮೇಲೆ ಹೋಗುವುದನ್ನು ಬಿಟ್ಟರು.

ಮುರಿಗೆಯ್ಯನವರು ಕತೆ ನಿಲ್ಲಿಸಿ, ಸುಲಿದ ಕಾಳುಗಳನ್ನು ಒಟ್ಟು ಮಾಡಿದರು.

ಕಾಡಸಿದ್ಧನ ಕೈ ಯಾವಾಗಲೋ ನಿಂತಿತ್ತು. "ಹಾಗಾದರೆ ಸತ್ತದ್ದರ ತಪ್ಪು ಕೊಟ್ಟವನದು, ಮುಚ್ಚಿಟ್ಟದ್ದರ ತಪ್ಪು ತೆಗೆದುಕೊಂಡವನದು. ಹೀಗೆ ಹೇಳಬಹುದೇ, ಗುರುಗಳೇ?" ಎಂದು ಕೇಳಿದ.

ಗುರುಗಳು ಆಗ ಮೊದಲ ಸಲ ಅವನ ಮುಖ ನೋಡಿದರು.

"ನಿನ್ನ ಜಪ ನಿಂತು ಎಷ್ಟು ದಿನವಾಯಿತು?"