ಅರಮನೆಯ ಅರ್ಧ ತಂತಿ

“ಕೇಳ್ರಪ್ಪೋ ಕೇಳ್ರಿ! ಊರಿಗೆಲ್ಲ ಇರೋದು ಒಂದೇ ಇಂಟರ್ನೆಟ್ ತಂತಿ. ಅದರ ಜಗಳ ದಿನಾ ಅರಮನೆ ಬಾಗಿಲಿಗೆ ಬರ್ತಾ ಇದೆ. ದೊರೆಗಳ ಮೂರು ಒಗಟು ಬಿಡಿಸಿದವರಿಗೆ ತಂತಿಯ ಯಜಮಾನಿಕೆ. ತಪ್ಪಿದವರಿಗೆ ತಲೆದಂಡ!”

ಈಗ ಮನೆಮನೆಗೂ ತಂತಿ ಬಂದಿದೆ, ಯಾರಿಗೂ ಯಾರ ಹಂಗೂ ಇಲ್ಲ. ಆದರೂ ಆ ಡಂಗುರದ ಕಾಲ ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಜಗಳವಾಡುತ್ತಿದ್ದೆವು ನಿಜ, ಆದರೆ ಪಕ್ಕದವರಿಗೆ ಏನು ಬೇಕೆಂದು ನಮಗೆ ಗೊತ್ತಿರುತ್ತಿತ್ತು.

ತಂತಿಯ ಅರ್ಧವನ್ನು ದೊರೆ ವೀರಮಲ್ಲ ಅರಮನೆಗೆಂದು ಇಟ್ಟುಕೊಂಡಿದ್ದ. ಉಳಿದರ್ಧಕ್ಕೆ ಊರೆಲ್ಲ ಕಿತ್ತಾಡಬೇಕು. ನೆಟ್ ಅಂಗಡಿಯ ಮುಂದೆ ಕಡಲೆಕಾಯಿ ಹುರಿದು ಮಾರುತ್ತಿದ್ದ ಜವರನ ಅವ್ವ ಕಡಲಾಚೆಯ ದ್ವೀಪದಲ್ಲಿ ಅಡುಗೆ ಕೆಲಸಕ್ಕಿದ್ದಳು. ಕರೆ ಮಾಡಿದರೆ ಅವಳ ಮಾತು ಚೂರುಚೂರಾಗಿ ಬರುತ್ತಿತ್ತು. ಅದನ್ನು ನೆಟ್ಟಗೆ ಕೇಳಬೇಕೆಂದೇ ಅವನು ತಲೆ ಪಣಕ್ಕಿಟ್ಟು ಸಭೆಗೆ ಹೋದ.

“ಬೇಕಾದ್ದು ಒಂದೇ ತುತ್ತು, ಕಾಯಿಸಿದರೆ ಸತ್ತೇ ಹೋಗ್ತಾನೆ. ಯಾರವನು?” ಎಂದ ದೊರೆ.

ಸೇನಾಪತಿಯ ಮಗ “ಹಸುಗೂಸು” ಎಂದ. ತಲೆದಂಡಕ್ಕೆಂದು ಅವನನ್ನು ಸೆರೆಗೆ ತಳ್ಳಿದರು.

“ಅದು ಮಾತು, ಬುದ್ಧಿ,” ಎಂದು ಜವರ ದೊರೆಗೆ ಕೈಮುಗಿದ. “ತಡವಾದ್ರೆ ಹರಿದೋಗುತ್ತೆ. ಅಂಗಡೀಲಿ ಯಾರಾದ್ರೂ ದೂರದೋರ ಜೊತೆ ಮಾತಿಗೆ ಕೂತ್ರೆ, ಪಿಚ್ಚರ್ ಇಳಿಸ್ಕೊಳ್ಳೋರು ತಾವಾಗೇ ನಿಲ್ಲಿಸ್ತಾರೆ.”

ದೊರೆ ತಲೆದೂಗಿ ಎರಡನೆಯದು ಕೇಳಿದ: “ಬಂಡಿಗಟ್ಟಲೆ ಉಣ್ತಾನೆ, ಆದರೆ ಕಾಯೋಕೆ ಬೇಜಾರಿಲ್ಲ. ಇವನ್ಯಾರು?”

“ಆನೆ!” ಎಂದು ಸಾಹುಕಾರನ ಮಗ ನಡುವೆ ಬಾಯಿಹಾಕಿ ಅವನೂ ಸೆರೆ ಸೇರಿದ.

“ಅದೇ ಪಿಚ್ಚರ್, ಬುದ್ಧಿ. ನಿಧಾನ ಬಂದ್ರೂ ಪೂರಾ ಬರುತ್ತೆ. ಹಂಗಂತ ಅವನ್ನ ಉಪವಾಸ ಕೆಡವಬಾರ್ದು.”

ಮೂರನೆಯದು: “ಇವತ್ತಿನ ಪಾಲು ನಾಳೆಗೆ ಉಳಿಯಲ್ಲ. ಪಾಲಿನ ಒಡೆಯನಿಗೆ ಹಸಿವಿಲ್ಲ. ಆ ಪಾಲು ಯಾರದು?”

ಮಂತ್ರಿಯ ಅಳಿಯ ನಡು ಬಗ್ಗಿಸಿ, “ಒಡೆಯರದು ಒಡೆಯರದೇ, ಮಹಾಪ್ರಭು” ಎಂದ. ದೊರೆ ಜವರನ ಕಡೆ ತಿರುಗಿದ. ಜವರನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ದೊರೆಯ ತಪ್ಪನ್ನು ಅವನ ಮುಖಕ್ಕೇ ಹೇಳಿದಂತೆ.

“ಕಾಯ್ತಾ ನಿಂತೋರದು, ಬುದ್ಧಿ. ನಿಮ್ಮ ಅರ್ಧ ತಂತಿ ದಿನವೆಲ್ಲ ಸುಮ್ನೆ ಬಿದ್ದಿರುತ್ತೆ. ಬೇಕಾದಾಗ ತಗೊಳ್ಳಿ, ಬ್ಯಾಡದಾಗ ಬಿಟ್ಟುಕೊಡಿ.”

ದೊರೆ ಉಂಗುರ ತಿರುವುತ್ತ ಹೇಳಿದ: “ನಮ್ಮಜ್ಜಿ ಊಟದ ಹೊತ್ತಲ್ಲಿ ನನಗೆ ಹಾಕ್ತಿದ್ದ ಒಗಟು ಇದು. ಉತ್ತರ ಗೊತ್ತಿದ್ದೂ ಮರೆತವನ ಹಾಗೆ ಇದ್ದೆ. ನೀನು ಗೆದ್ದೆ, ಹೋಗಪ್ಪ.”

ಸೆರೆಯವರನ್ನು ಬಿಟ್ಟರು. ಜವರ ತಂತಿಯ ಯಜಮಾನನಾದ. ಮಾತು ಮೊದಲು, ಪಿಚ್ಚರ್ ಆಮೇಲೆ, ಖಾಲಿ ಪಾಲು ಕಾದವರಿಗೆ ಎಂದು ಗೊತ್ತುಮಾಡಿದ. ಸಂಜೆ ಅವ್ವನಿಗೆ ಕರೆ ಮಾಡಿದ.

ಅವಳ ಮಾತು ಈಗ ಒಂದಕ್ಷರ ಬಿಡದೆ ಕೇಳಿಸಿತು. ದನಿ ನಡುಗುತ್ತಿತ್ತು, ಎರಡು ಮಾತಿಗೊಮ್ಮೆ ಕೆಮ್ಮು. ಅವ್ವನಿಗೆ ಇಷ್ಟು ವಯಸ್ಸಾಗಿದೆಯೆಂದು ಚೂರು ಮಾತಿನಲ್ಲಿ ಅವನಿಗೆ ತಿಳಿದೇ ಇರಲಿಲ್ಲ.

“ದುಡಿದಿದ್ದು ಸಾಕು ಕಣವ್ವ,” ಎಂದ. “ಮನೆಗೆ ಬಾ.”